ಗಣಿ ನಿಂತಾಗ ನಿಮ್ಮ ಕೆಲಸ ಹೋಯಿತಾ, ನಿಂತಿತಾ? ಬಳ್ಳಾರಿಯ 'ಬಂದ್' ಹಿಂದಿನ ಕಾನೂನಿನ ಕಥೆ

2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಎರಡು ದಿನ ಮೊದಲಷ್ಟೇ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಸರ್ಕಾರದ ಕೈ ಸೇರಿತ್ತು. ಗುಡ್ಡಗಳನ್ನು ಬಗೆದು ದೋಚಿದ ರೀತಿ ಕಂಡವರಿಗೆ ಆ ಆದೇಶ ಬರಲೇಬೇಕಿತ್ತು ಅನಿಸಿದ್ದರಲ್ಲಿ ತಪ್ಪಿಲ್ಲ. ನನಗೂ ಹಾಗೇ ಅನಿಸುತ್ತದೆ. ಆದರೆ ಸಂಡೂರು, ಹೊಸಪೇಟೆ ಕಡೆ ಲಾರಿ ಡ್ರೈವರ್, ಕ್ಲೀನರ್, ಕ್ರಷರ್‌ನಲ್ಲಿ ದುಡಿಯುವವರು, ಅದಿರು ತುಂಬುವವರು, ಹೀಗೆ ಎಷ್ಟೋ ಜನರ ಕಿವಿಗೆ ಬಿದ್ದದ್ದು ಒಂದೇ ಮಾತು: 'ಕೆಲಸ ಬಂದ್ ಆಗೈತಿ. ಶುರುವಾದ್ರೆ ಫೋನ್ ಮಾಡ್ತೀವಿ.'

ಇದು ಲೇಆಫಾ, ವಜಾನಾ, ಇಲ್ಲ ಬರೀ ರಜೆನಾ? ದುಡ್ಡು ಕೈಗೆ ಬರುವುದೂ ಬಿಡುವುದೂ ಈ ಪ್ರಶ್ನೆಯ ಮೇಲೆಯೇ ನಿಂತಿದೆ.

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮೊದಲು ಲೇಆಫ್ ಪರಿಹಾರದ ಮಾತೇ ಇರಲಿಲ್ಲ. 1953ರಲ್ಲಿ ಬಟ್ಟೆ ಮಿಲ್‌ಗಳಲ್ಲಿ ಮಾಲು ಖರ್ಚಾಗದೆ ರಾಶಿ ಬಿತ್ತು, ಪಾಳಿಗಳು ನಿಂತವು. ಲೇಆಫ್ ಪರಿಹಾರಕ್ಕಾಗಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದೇ ತಿದ್ದುಪಡಿಯಾಗಿ ಅಕ್ಟೋಬರ್ 24ರಿಂದ ಜಾರಿಯಾಯಿತು.

ಆಗ ಎಳೆದ ಗೆರೆ ಇವತ್ತಿಗೂ ಉಳಿದಿದೆ. ಲೇಆಫ್ ಎಂದರೆ ನೌಕರಿ ಇದೆ, ಕೆಲಸ ಇಲ್ಲ. ಕಲ್ಲಿದ್ದಲು, ಕರೆಂಟು, ಕಚ್ಚಾ ಮಾಲು ಸಿಗದೆಯೋ, ಸ್ಟಾಕ್ ಜಾಸ್ತಿಯಾಗಿಯೋ, ಮಷಿನ್ ಕೆಟ್ಟೋ ಮಾಲೀಕನಿಗೆ ಕೆಲಸ ಕೊಡಲು ಆಗುತ್ತಿಲ್ಲ ಎಂದರ್ಥ. 50 ಜನರಾದರೂ ಇರುವ ಕಡೆ, ಒಂದು ವರ್ಷ ಪೂರೈಸಿದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ವರ್ಷ ಎಂದರೆ 365 ದಿನ ಅಲ್ಲ, 240 ದಿನದ ದುಡಿಮೆ. ಹಟ್ಟಿ ಚಿನ್ನದ ಗಣಿಯಂತೆ ನೆಲದೊಳಗೆ ಇಳಿಯುವವರಿಗೆ 190 ಸಾಕು. ಇನ್ನೊಂದು ಮಾತು ತುಂಬ ಜನರಿಗೆ ಗೊತ್ತಿಲ್ಲ. ಲೇಆಫ್ ಇರುವಾಗಲೂ ದಿನಕ್ಕೊಮ್ಮೆ ಹೇಳಿದ ಹೊತ್ತಿಗೆ ಗೇಟಿಗೆ ಹೋಗಿ ಹಾಜರಿ ಹಾಕಬೇಕು. ಹೋಗದಿದ್ದರೆ ಆ ದಿನದ ಪರಿಹಾರ ಇಲ್ಲ.

ರಿಟ್ರೆಂಚ್‌ಮೆಂಟ್, ಅಂದರೆ ಪೇಪರಿನವರು 'ಉದ್ಯೋಗ ಕಡಿತ' ಎಂದು ಬರೆಯುವುದು, ಬೇರೆ. ಇಲ್ಲಿ ನೌಕರಿಯೇ ಹೋಗುತ್ತದೆ, ಆದರೆ ಕಾರ್ಮಿಕನ ತಪ್ಪಿಗಲ್ಲ. ತಿಂಗಳ ನೋಟಿಸು ಇಲ್ಲವೇ ತಿಂಗಳ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಮತ್ತೆ ಜನ ಬೇಕಾದಾಗ ತೆಗೆದವರಿಗೇ ಮೊದಲು ಹೇಳಿ ಕಳಿಸಬೇಕು. ವಜಾ ಎಂದರೆ ಶಿಕ್ಷೆ. ಆರೋಪಪಟ್ಟಿ ಕೊಟ್ಟು, ವಿಚಾರಣೆ ಮಾಡಿಯೇ ಅಲ್ಲಿಗೆ ಬರಬೇಕು.

ಗಣಿ ಜಿಲ್ಲೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಕೈ ಮೀರಿದ ಕಾರಣಕ್ಕೆ ಉದ್ಯಮ ಮುಚ್ಚಿದರೆ ಮಾಲೀಕ ಮೂರು ತಿಂಗಳ ಸರಾಸರಿ ಸಂಬಳಕ್ಕಿಂತ ಹೆಚ್ಚು ಪರಿಹಾರ ಕೊಡಬೇಕಿಲ್ಲ. ಆದರೆ 'ಲೀಸ್ ಮುಗಿಯಿತು', 'ಸ್ಟಾಕ್ ಉಳಿಯಿತು', 'ನಷ್ಟದಲ್ಲಿದ್ದೇವೆ' ಅನ್ನುವುದಷ್ಟೇ ಕೈ ಮೀರಿದ ಕಾರಣ ಅಲ್ಲ ಎಂದು 1947ರ ಕಾಯ್ದೆ ಬಿಡಿಸಿ ಹೇಳಿತ್ತು.

ಇಷ್ಟೆಲ್ಲ ಇದ್ದೂ 2011ರಲ್ಲಿ ಯಾಕೆ ಅಷ್ಟು ಜನ ಬರಿಗೈಯಲ್ಲಿ ಹೋದರು? ಉತ್ತರ ಲೇಆಫ್‌ನ ವ್ಯಾಖ್ಯಾನದೊಳಗೇ ಇದೆ. ಕಾರ್ಮಿಕನ ಹೆಸರು ಹಾಜರಿ ಪುಸ್ತಕವಾದ ಮಸ್ಟರ್ ರೋಲ್‌ನಲ್ಲಿ ಇರಬೇಕು. ಅದಿರು ತುಂಬುವವನ ಹೆಸರು ಎಷ್ಟೋ ಸಲ ಇರುವುದು ಮೇಸ್ತ್ರಿಯ ಜೇಬಿನ ನೋಟ್‌ಬುಕ್ಕಿನಲ್ಲಿ. ಅಡ್ಡಹೆಸರಿಲ್ಲ, ಊರಿಲ್ಲ. ಹೆಸರಿನ ಮುಂದೆ ದಿನಕ್ಕೊಂದು ಗೀಟು, ಅಡ್ವಾನ್ಸ್ ಪಡೆದ ದಿನ ಒಂದು ಸುತ್ತು. ಆ ಪುಟ ಹರಿದರೆ ಅವನು ಅಲ್ಲಿ ದುಡಿದೇ ಇಲ್ಲ. ಗುತ್ತಿಗೆ ಕಾರ್ಮಿಕರಿಗಾಗಿ 1970ರಲ್ಲಿ ಕಾಯ್ದೆ ಬಂತು. ಗುತ್ತಿಗೆ ಪದ್ಧತಿ ರದ್ದಾದರೂ ಕಾರ್ಮಿಕರು ತಾನಾಗಿಯೇ ಕಾಯಂ ಆಗುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದರ ಬಲ ಅರ್ಧ ಕುಗ್ಗಿತು ಅನ್ನುವುದು ನನ್ನ ಅಭಿಪ್ರಾಯ.

ರಾಯಚೂರಿನ ಹತ್ತಿ ಜಿನ್ನಿಂಗ್‌ಗಳ ಕಥೆ ಬೇರೆ. ಹತ್ತಿ ಬರುವ ತಿಂಗಳುಗಳಲ್ಲಿ ಹಗಲು ರಾತ್ರಿ ಕೆಲಸ, ಆಮೇಲೆ ಬೀಗ. ಹಂಗಾಮಿನ ಉದ್ಯಮ ಎಂದಾದರೆ ಲೇಆಫ್ ಪರಿಹಾರ ಅನ್ವಯಿಸುವುದೇ ಇಲ್ಲ.

ಸರ್ಕಾರದ ಅನುಮತಿಯ ವಿಷಯ ಹಾವು ಏಣಿ ಆಟದಂತೆ ಏರಿಳಿದಿದೆ. 300 ಜನರಿಗಿಂತ ಕಡಿಮೆಯಿಲ್ಲದ ಕಾರ್ಖಾನೆ, ಗಣಿಗಳು ಲೇಆಫ್, ಕಡಿತ, ಮುಚ್ಚುವಿಕೆಗೆ ಮೊದಲೇ ಅನುಮತಿ ಕೇಳಬೇಕು ಎಂದು 1976ರಲ್ಲಿ ನಿಯಮ ಬಂತು. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. 1947ರ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತೆ 300ಕ್ಕೆ ಏರಿಸಿತು, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅಂದರೆ 150 ಜನರ ಗಣಿಯೋ ಕಾರ್ಖಾನೆಯೋ ಈಗ ಯಾರನ್ನೂ ಕೇಳದೆ ಲೇಆಫ್ ಮಾಡಬಹುದು. ಇದು ನನಗೆ ಸರಿ ಕಾಣುವುದಿಲ್ಲ. ನಮ್ಮ ಕಡೆ ಕೆಲಸ ನಿಲ್ಲುವುದು ಅಪರೂಪದ ಸಂಗತಿಯೇ ಅಲ್ಲ. 2018ರ ನವೆಂಬರ್‌ನಲ್ಲಿ ಸರ್ಕಾರಿ ಕಂಪನಿಯಾದ ಎನ್‌ಎಂಡಿಸಿಯ ದೋಣಿಮಲೈ ಗಣಿಯೂ ರಾಜ್ಯ ಸರ್ಕಾರದ ಜೊತೆಗಿನ ಪ್ರೀಮಿಯಂ (ಅದಿರಿನ ಮೇಲೆ ಸರ್ಕಾರ ಕೇಳಿದ ಹೆಚ್ಚುವರಿ ಹಣ) ತಕರಾರಿನಲ್ಲಿ ನಿಂತು, 2021ರ ಫೆಬ್ರವರಿಯವರೆಗೆ ಶುರುವಾಗಲಿಲ್ಲ.

ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಒಳ್ಳೆಯದೂ ಇದೆ. ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿದೆ. ಕಡಿತಕ್ಕೆ ಒಳಗಾದವರಿಗೆ ಮರುಕೌಶಲ ನಿಧಿಯಿಂದ (ಹೊಸ ಕೆಲಸ ಕಲಿಯಲೆಂದು ಇರುವ ನಿಧಿ) 15 ದಿನದ ಸಂಬಳದಷ್ಟು ಹೆಚ್ಚುವರಿ ಹಣ ಸಿಗಬೇಕು. ಪತ್ರ ಕೊಡದಿದ್ದರೆ ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಗೇಟ್ ಪಾಸ್, ಬ್ಯಾಂಕಿಗೆ ಕೂಲಿ ಬಿದ್ದ ದಾಖಲೆ ತೆಗೆದಿಟ್ಟುಕೊಳ್ಳಿ. ದುಡಿದದ್ದನ್ನು ತೋರಿಸಲು ಅವೇ ಆಧಾರ. ಗಣಿ ಕಾರ್ಮಿಕರು ಹೋಗಬೇಕಾದ್ದು ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ. ಅಕ್ಕಿ ಗಿರಣಿ, ಜಿನ್ನಿಂಗ್, ಜೀನ್ಸ್ ಘಟಕದವರು ಹೋಗಬೇಕಾದ್ದು ರಾಜ್ಯದ ಕಾರ್ಮಿಕ ಇಲಾಖೆಗೆ. ವಜಾ ಆದವರು ನ್ಯಾಯಮಂಡಳಿಗೆ ಹೋಗಲು ಸಂಹಿತೆ ಕೊಟ್ಟಿರುವ ಗಡುವು ಎರಡು ವರ್ಷ.