ಇಂಟಿಗ್ರೇಷನ್ ಸಿನಾರಿಯೊದಲ್ಲಿ ಆಕ್ಷನ್ ಮತ್ತು ಕಾಂಪೊನೆಂಟ್ ಅಂದರೆ ಏನು?

ದೊಡ್ಡ ಕಂಪನಿಗಳಲ್ಲಿ ಮಾರಾಟಕ್ಕೊಂದು ಸಾಫ್ಟ್‌ವೇರ್, ಗೋದಾಮಿಗೊಂದು, ಲೆಕ್ಕಪತ್ರಕ್ಕೊಂದು ಇರುತ್ತದೆ. ಇವು ತಮ್ಮತಮ್ಮಲ್ಲೇ ಮಾಹಿತಿ ಕಳಿಸಿಕೊಳ್ಳಬೇಕು. ಯಾರು ಯಾರಿಗೆ ಯಾವ ಹಂತದಲ್ಲಿ ಏನು ಕಳಿಸುತ್ತಾರೆ ಅನ್ನುವುದನ್ನು ಒಂದೇ ಚಿತ್ರದಲ್ಲಿ ತೋರಿಸುವುದು ಇಂಟಿಗ್ರೇಷನ್ ಸಿನಾರಿಯೊ. ಜರ್ಮನಿಯ ಎಸ್‌ಎಪಿ ಕಂಪನಿಯ ಎಕ್ಸ್‌ಐ, ಅಂದರೆ ಮುಂದೆ ಪಿಐ ಅಂತ ಹೆಸರಾದ, ಸಿಸ್ಟಮ್‌ಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್‌ನಲ್ಲಿ ಈ ಚಿತ್ರಕ್ಕೆ ಖಚಿತವಾದ ನಿಯಮಗಳಿವೆ.

ಅದರ ಜೊತೆಗೇ ಬರುವ ಅಭ್ಯಾಸದ ಉದಾಹರಣೆಯನ್ನೇ ನೋಡೋಣ. ಒಂದು ಕಡೆ ಟ್ರಾವೆಲ್ ಏಜೆನ್ಸಿ, ಇನ್ನೊಂದು ಕಡೆ ವಿಮಾನ ಕಂಪನಿ. ಚಿತ್ರದಲ್ಲಿ ಇಬ್ಬರಿಗೂ ಒಂದೊಂದು ಪಟ್ಟಿ, ಅಂದರೆ ಅಂಕಣದಂಥ ಉದ್ದನೆಯ ಜಾಗ. ಆ ಪಟ್ಟಿಯೇ ಕಾಂಪೊನೆಂಟ್. ಪಟ್ಟಿಯೊಳಗಿನ ಪೆಟ್ಟಿಗೆಗಳು ಆಕ್ಷನ್‌ಗಳು: ಏಜೆನ್ಸಿಯಲ್ಲಿ ‘ಸೀಟು ವಿಚಾರಿಸು’, ‘ಬುಕಿಂಗ್ ಕಳಿಸು’, ವಿಮಾನ ಕಂಪನಿಯಲ್ಲಿ ‘ಸೀಟು ನೋಡಿ ಹೇಳು’, ‘ಬುಕಿಂಗ್ ದಾಖಲಿಸು’.

ಜಾಸ್ತಿ ಗೊಂದಲ ಆಗುವುದು ಕಾಂಪೊನೆಂಟ್ ವಿಷಯದಲ್ಲಿ. ಅದನ್ನು ಸರ್ವರ್ ಅಂದುಕೊಂಡು ಚಿತ್ರದಲ್ಲಿ ಸಿಸ್ಟಮ್‌ಗಳ ಹೆಸರನ್ನೇ ಬರೆದುಬಿಡುತ್ತಾರೆ. ನಾಟಕದಲ್ಲಿ ಪಾತ್ರ ಬೇರೆ, ಅದನ್ನು ಮಾಡುವವರು ಬೇರೆ, ಅಲ್ವಾ? ಕಾಂಪೊನೆಂಟ್ ಅನ್ನುವುದು ಪಾತ್ರ. ‘ವಿಮಾನ ಕಂಪನಿ’ ಅನ್ನುವ ಪಾತ್ರಕ್ಕೆ ಲುಫ್ತಾನ್ಸಾದ ಸಿಸ್ಟಮ್ ಬರಬಹುದು, ಅಮೆರಿಕನ್ ಏರ್‌ಲೈನ್ಸ್‌ನದೂ ಬರಬಹುದು. ಯಾವ ಪಾತ್ರಕ್ಕೆ ಯಾವ ಸಿಸ್ಟಮ್ ಅನ್ನುವುದನ್ನು ಆಮೇಲೆ, ಇಂಟಿಗ್ರೇಷನ್ ಡೈರೆಕ್ಟರಿ ಎಂಬ ಬೇರೆ ಜಾಗದಲ್ಲಿ ತೀರ್ಮಾನಿಸುತ್ತಾರೆ. ಹಾಗಾಗಿ ಟೆಸ್ಟ್ ಸಿಸ್ಟಮ್‌ಗೂ ನಿಜವಾದ ಸಿಸ್ಟಮ್‌ಗೂ ಒಂದೇ ಚಿತ್ರ ಸಾಕು. ನನ್ನ ಮಟ್ಟಿಗೆ ಈ ವಿಧಾನದ ದೊಡ್ಡ ಲಾಭವೇ ಇದು. ಸಿಸ್ಟಮ್ ಹೆಸರು ಬರೆದ ಕ್ಷಣವೇ ಆ ಲಾಭ ಕೈತಪ್ಪುತ್ತದೆ.

ಇನ್ನು ಆಕ್ಷನ್. ಇದು ಪ್ರೋಗ್ರಾಮಿನ ಫಂಕ್ಷನ್ ಅಲ್ಲ, ವ್ಯವಹಾರದ ಒಂದು ಹೆಜ್ಜೆ. ಆ ಹೆಜ್ಜೆಯ ಒಳಗೆ ಏನು ನಡೆಯುತ್ತದೆ ಅನ್ನುವುದು ಆಯಾ ಸಾಫ್ಟ್‌ವೇರ್‌ನ ಕೆಲಸ. ಸಿನಾರಿಯೊ ಅದನ್ನು ಒಡೆದು ನೋಡುವುದಿಲ್ಲ. ‘ಡೇಟಾಬೇಸ್ ಓದು’, ‘ದಿನಾಂಕ ಪರೀಕ್ಷಿಸು’ ಅಂತೆಲ್ಲ ಸಣ್ಣಸಣ್ಣ ಪೆಟ್ಟಿಗೆ ಬರೆದರೆ ಚಿತ್ರ ಯಾರಿಗೂ ಅರ್ಥವಾಗುವುದಿಲ್ಲ. ಆಕ್ಷನ್‌ಗೆ ಸಂದೇಶ ಕಳಿಸುವ ಅಥವಾ ಪಡೆಯುವ ಇಂಟರ್‌ಫೇಸ್‌ಗಳನ್ನು, ಅಂದರೆ ಯಾವ ರೂಪದ ಸಂದೇಶ ಅಂತ ಹೇಳುವ ವಿವರಣೆಗಳನ್ನು, ಜೋಡಿಸುತ್ತಾರೆ. ಒಮ್ಮೆ ಮಾಡಿದ ಆಕ್ಷನ್ ಅನ್ನು ಬೇರೆ ಸಿನಾರಿಯೊದಲ್ಲೂ ಬಳಸಬಹುದು.

ಆಕ್ಷನ್‌ಗಳ ನಡುವಿನ ಗೆರೆಗಳನ್ನೂ ಗಮನಿಸಬೇಕು. ಒಂದೇ ಪಟ್ಟಿಯೊಳಗಿನ ಗೆರೆ ಬರೀ ಕ್ರಮ ತೋರಿಸುತ್ತದೆ, ಅಲ್ಲಿ ಸಂದೇಶ ಓಡಾಡುವುದಿಲ್ಲ. ಪಟ್ಟಿ ದಾಟುವ ಗೆರೆಯಲ್ಲಿ ಸಂದೇಶ ಹೋಗುತ್ತದೆ. ಅದು ಸಿಂಕ್ರೋನಸ್ಸೋ (ಕಳಿಸಿದವರು ಉತ್ತರಕ್ಕೆ ಕಾಯುವುದು) ಅಸಿಂಕ್ರೋನಸ್ಸೋ (ಕಾಯದೆ ಮುಂದುವರಿಯುವುದು) ಅಂತ ಅಲ್ಲೇ ಹೇಳಬೇಕು. ಸೀಟು ಇದೆಯೇ ಅಂತ ಕೇಳಿದವರು ಉತ್ತರಕ್ಕಾಗಿ ಕಾಯುತ್ತಿರುತ್ತಾರೆ, ಆದ್ದರಿಂದ ಅದು ಸಿಂಕ್ರೋನಸ್. ಬುಕಿಂಗ್ ಹಾಗಲ್ಲ. ವಿಮಾನ ಕಂಪನಿಯ ಸಿಸ್ಟಮ್ ಆ ಹೊತ್ತಿಗೆ ನಿಂತಿದ್ದರೂ ಬುಕಿಂಗ್ ಕಳೆದುಹೋಗಬಾರದು, ಎರಡು ಸಲ ದಾಖಲಾಗಲೂ ಬಾರದು. ಅಸಿಂಕ್ರೋನಸ್ ಆದರೆ ಎಕ್ಸ್‌ಐ ಸಂದೇಶವನ್ನು ಉಳಿಸಿಟ್ಟುಕೊಂಡು ಒಂದೇ ಒಂದು ಸಲ ತಲುಪಿಸುತ್ತದೆ. ದೃಢೀಕರಣ ಬೇರೆ ಸಂದೇಶವಾಗಿ ಆಮೇಲೆ ಬರುತ್ತದೆ. ಎರಡೂ ಕಡೆಯ ಮಾಹಿತಿಯ ರೂಪ ಬೇರೆಬೇರೆ ಇದ್ದರೆ ಒಂದನ್ನು ಇನ್ನೊಂದಕ್ಕೆ ಬದಲಿಸುವ ಮ್ಯಾಪಿಂಗ್ ಅನ್ನು ಜೋಡಿಸುವುದೂ ಈ ಗೆರೆಗೇ.

ಒಂದು ಮಾತು ನೆನಪಿರಲಿ: ಸಿನಾರಿಯೊ ತಾನಾಗಿ ಓಡುವುದಿಲ್ಲ. ಅದರ ಆಧಾರದ ಮೇಲೆ ಡೈರೆಕ್ಟರಿಯಲ್ಲಿ ಯಾರಿಗೆ ಕಳಿಸಬೇಕು, ಯಾವ ಇಂಟರ್‌ಫೇಸ್‌ಗೆ ಕಳಿಸಬೇಕು ಅನ್ನುವ ಸೆಟ್ಟಿಂಗ್‌ಗಳನ್ನು ತಯಾರಿಸಿಕೊಳ್ಳಬಹುದು. ಓಡುವುದು ಆ ಸೆಟ್ಟಿಂಗ್‌ಗಳು. ಇದರಿಂದಾಗಿ ಎಷ್ಟೋ ತಂಡಗಳು ಸಿನಾರಿಯೊ ಬರೆಯದೆ ನೇರವಾಗಿ ಸೆಟ್ಟಿಂಗ್ ಮಾಡಿ ಕೆಲಸ ಮುಗಿಸುತ್ತವೆ. ತಕ್ಷಣಕ್ಕೆ ಏನೂ ಕೆಡುವುದಿಲ್ಲ, ನಿಜ. ಆದರೆ ಪಿಐ ಸಾಲಿನ ಕೊನೆಯ ಆವೃತ್ತಿ 7.5ಕ್ಕೆ ಎಸ್‌ಎಪಿ ಘೋಷಿಸಿರುವ ಸಾಮಾನ್ಯ ಬೆಂಬಲ 2027ರ ಕೊನೆಯವರೆಗೆ. ಹಳೆಯದನ್ನು ಕ್ಲೌಡ್‌ಗೆ ಸಾಗಿಸುವವರಿಗೆ ಸಿನಾರಿಯೊ ಇಲ್ಲದಿದ್ದರೆ ಸಿಗುವುದು ಇಂಟರ್‌ಫೇಸ್‌ಗಳ ಉದ್ದ ಪಟ್ಟಿ ಮಾತ್ರ. ಯಾವುದು ಯಾವ ವ್ಯವಹಾರದ ಭಾಗ, ಯಾವುದರ ನಂತರ ಯಾವುದು ಅನ್ನುವುದನ್ನು ಆಗ ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.