ಕ್ಯಾನನ್ನೋ, ನಿಕಾನೋ? ಹಳೆಯ ವಾದದ ಹಿಂದಿರುವ ಉಕ್ಕಿನ ಬಳೆ

ಹಾಸನದಲ್ಲಿ ಮದುವೆ ಫೋಟೊ ತೆಗೆಯುವ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಿಂದ ಶುರುವಾಗಿ, ಚಹಾ ಮುಗಿಯುವ ಹೊತ್ತಿಗೆ ಹಳೆಯ ವಾದಕ್ಕೇ ಬಂದು ನಿಂತಿರುತ್ತದೆ: ಕ್ಯಾನನ್ನೋ, ನಿಕಾನೋ? ಈಗ ಒಳಗೆ ಕನ್ನಡಿಯಿರುವ ಹಳೆಯ ಮಾದರಿಯ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡು ಕಸುಬಿಗೆ ಇಳಿಯುವ ಹುಡುಗರು ಕೇಳುವುದೂ ಇದನ್ನೇ. ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಮೆಗಾಪಿಕ್ಸೆಲ್ ಲೆಕ್ಕ. ನನ್ನ ಮಟ್ಟಿಗೆ ಇದರ ಬೇರು ಕ್ಯಾಮೆರಾದ ಬಾಡಿಯೊಂದಿಗೆ ಲೆನ್ಸ್ ಕೂಡಿಕೊಳ್ಳುವ ಬಳೆಯಲ್ಲಿದೆ. ಅದನ್ನು ಮೌಂಟ್ ಎನ್ನುತ್ತಾರೆ.

ನಿಕಾನ್ 1959ರಲ್ಲಿ ಎಫ್ ಮೌಂಟ್ ತಂದಿತು. ರೀಲಿನ ಕಾಲ ಮುಗಿದು ಡಿಜಿಟಲ್ ಬಂದರೂ ಆ ಬಳೆಯ ಅಳತೆ ಬದಲಾಗಲಿಲ್ಲ. ಕ್ಯಾನನ್ ಮಾತ್ರ 1987ರಲ್ಲಿ ತನ್ನ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ಮೌಂಟಿಗೆ ಹೊರಳಿತು. ಫೋಕಸ್ ಮಾಡುವ ಮೋಟಾರನ್ನು ಲೆನ್ಸಿನೊಳಗೇ ಇಟ್ಟು, ಬಾಡಿಗೂ ಲೆನ್ಸಿಗೂ ನಡುವೆ ವಿದ್ಯುತ್ ಸಂಪರ್ಕವನ್ನಷ್ಟೇ ಉಳಿಸಿತು. ಸಾಲ ಮಾಡಿ ಎಫ್‌ಡಿ ಲೆನ್ಸ್ ಕೂಡಿಸಿಕೊಂಡಿದ್ದವರಿಗೆ ಅದು ದೊಡ್ಡ ಪೆಟ್ಟು. ನಿಕಾನ್ ಹಳೆಯ ಬಳೆಯನ್ನು ಉಳಿಸಿಕೊಂಡರೂ ಮೋಟಾರನ್ನು ಮೊದಲು ಬಾಡಿಯಲ್ಲಿಟ್ಟಿತು, ಆಮೇಲೆ ಕ್ರಮೇಣ ಲೆನ್ಸಿಗೆ ಸಾಗಿಸಿತು. ಇದರ ಫಲ ಕಾಣಿಸಿದ್ದು ಎಷ್ಟೋ ವರ್ಷಗಳ ಬಳಿಕ. 2006ರ ಡಿ40, 2009ರ ಡಿ3000 ಮೊದಲಾದ ಅಗ್ಗದ ಬಾಡಿಗಳಲ್ಲಿ ಮೋಟಾರೇ ಇರಲಿಲ್ಲ. ಸ್ಟುಡಿಯೊದ ಹಳೆಯ 50 ಎಂಎಂ ಲೆನ್ಸ್ ಅವುಗಳ ಮೇಲೆ ಸರಿಯಾಗಿ ಕೂರುತ್ತಿತ್ತು, ಚಿತ್ರವೂ ಬರುತ್ತಿತ್ತು, ಆದರೆ ಫೋಕಸ್ ಅನ್ನು ಕೈಯಲ್ಲೇ ತಿರುಗಿಸಿ ಹಿಡಿಯಬೇಕಿತ್ತು.

ಡಿಜಿಟಲ್ ಓಟದ ಮೊದಲ ಸುತ್ತನ್ನು ಬೇಗ ಹೇಳಿ ಮುಗಿಸಬಹುದು. 1999ರಲ್ಲಿ ನಿಕಾನ್ ಡಿ1 ಬಂದಾಗ ಅದಕ್ಕಿದ್ದದ್ದು 2.7 ಮೆಗಾಪಿಕ್ಸೆಲ್. 2002ರ ಕ್ಯಾನನ್ 1ಡಿಎಸ್ 11 ಮೆಗಾಪಿಕ್ಸೆಲ್ ಜೊತೆಗೆ ಬೆಳಕನ್ನು ಹಿಡಿಯುವ, ರೀಲಿನಷ್ಟೇ ದೊಡ್ಡ ಸೆನ್ಸರನ್ನೂ ತಂದಿತು. ಅಂಥ ಫುಲ್‌ಫ್ರೇಮ್ ಸೆನ್ಸರ್ ನಿಕಾನ್ ಬಳಗಕ್ಕೆ ದಕ್ಕಿದ್ದು 2007ರ ಡಿ3 ಬಂದಾಗ.

ನಾನು ಹತ್ತಿರದಿಂದ ಕಂಡದ್ದು ಅದರ ನಂತರದ ನಾಲ್ಕೈದು ವರ್ಷ. 2008ರಲ್ಲಿ ನಿಕಾನ್ ಡಿ700, ಕ್ಯಾನನ್ 5ಡಿ ಮಾರ್ಕ್ 2 ಒಂದರ ಹಿಂದೆ ಒಂದು ಬಂದವು. ಮೊದಲನೆಯದು 12 ಮೆಗಾಪಿಕ್ಸೆಲ್, 51 ಫೋಕಸ್ ಬಿಂದು, ಅಂದರೆ ಕ್ಯಾಮೆರಾ ತಾನೇ ಫೋಕಸ್ ಹಿಡಿಯಬಲ್ಲ ಜಾಗಗಳು. ಎರಡನೆಯದು 21 ಮೆಗಾಪಿಕ್ಸೆಲ್, 9 ಫೋಕಸ್ ಬಿಂದು. ಈ ಅಂಕಿಗಳ ಅರ್ಥ ನನಗೆ ತಿಳಿದದ್ದು ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಒಂದು ನಿಮಿಷ ಕಣ್ಣೇ ಕಾಣುವುದಿಲ್ಲ. ನರಸಿಂಹ ಕಂಬದ ಪುಟ್ಟ ಕೆತ್ತನೆಗಳ ಮೇಲೆ ಜಾಲಂಧ್ರವೆಂಬ ಕಲ್ಲಿನ ಜಾಲರಿ ಕಿಟಕಿಯಿಂದ ಬರುವ ಬೆಳಕು ಒಂದು ಕಡೆಯಿಂದಷ್ಟೇ ಸವರಿ ಹೋಗಿರುತ್ತದೆ. ಫ್ಲ್ಯಾಶ್ ಹಾಕಿದರೆ ನುಣುಪಾದ ಕಲ್ಲು ಬಿಳುಚಿ, ಕೆತ್ತನೆಯ ಆಳವೇ ಹೋಗುತ್ತದೆ. ಅಲ್ಲಿ ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟವಾದ ಐಎಸ್‌ಒ 3200ಕ್ಕೆ ಏರಿಸಿ ಕೈಯಲ್ಲೇ ಹಿಡಿದು ತೆಗೆದಾಗ ಡಿ700 ಕತ್ತಲಲ್ಲಿ ತಡಕಾಡದೆ ಫೋಕಸ್ ಹಿಡಿಯಿತು. ಮಾರ್ಕ್ 2ರಲ್ಲಿ ನಾನು ನಡುವಿನ ಬಿಂದುವನ್ನೇ ನಂಬಬೇಕಾಯಿತು. ಆದರೆ ಅದರಲ್ಲಿ ಸಿಕ್ಕ ಚಿತ್ರವನ್ನು ದೊಡ್ಡದಾಗಿಸಿದಾಗ ಮದನಿಕೆಯ ಕೊರಳ ಹಾರದ ಎಳೆ ಎಳೆಯೂ ಬಿಡಿಬಿಡಿಯಾಗಿ ಕಂಡಿತು.

ಮದುವೆ ಮನೆಯಲ್ಲೂ ಇದೇ ಲೆಕ್ಕ. ಅಕ್ಷತೆ ಬೀಳುವ ಗಳಿಗೆ ಎರಡನೇ ಸಲ ಬರುವುದಿಲ್ಲ, ಅಲ್ಲಿ ವೇಗದ ಫೋಕಸ್ ಬೇಕು. ಕರಿಜ್ಮಾ ಆಲ್ಬಂನ ಎರಡು ಪುಟಕ್ಕೂ ಒಂದೇ ಚಿತ್ರ ಹರಡಬೇಕಾದಾಗ 21 ಮೆಗಾಪಿಕ್ಸೆಲ್ ಕೈಹಿಡಿಯುತ್ತದೆ. ಮಾರ್ಕ್ 2ರಲ್ಲಿ ಫುಲ್ ಎಚ್‌ಡಿ ವಿಡಿಯೊ ಇತ್ತು, ಡಿ700ರಲ್ಲಿ ವಿಡಿಯೊ ಇರಲೇ ಇಲ್ಲ. ಮುಳ್ಳಯ್ಯನಗಿರಿಯ ಮಂಜಿನಲ್ಲಿ, ಮಂಜರಾಬಾದ್ ಕೋಟೆಯಲ್ಲಿ ಮದುವೆಗೆ ಮೊದಲಿನ ಚಿತ್ರೀಕರಣ ರೂಢಿಯಾದ ಮೇಲೆ ವಿಡಿಯೊ ಇಲ್ಲದ ಬಾಡಿಯನ್ನು ಕೇಳುವವರು ಕಡಿಮೆಯಾದರು. ‘ಕ್ಯಾನನ್‌ನಲ್ಲಿ ಮೈಬಣ್ಣ ಚೆನ್ನ’ ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಜೆಪೆಗ್‌ನಲ್ಲಿ ಆ ವ್ಯತ್ಯಾಸ ನಿಜವಾಗಿಯೂ ಕಾಣುತ್ತದೆ. ಕ್ಯಾಮೆರಾ ಹದಗೊಳಿಸದೆ ಬಿಟ್ಟ ರಾ ಫೈಲ್ ತೆಗೆದು ಕಂಪ್ಯೂಟರಿನಲ್ಲಿ ಬಣ್ಣ ಹದಗೊಳಿಸುವವರಿಗೆ ಅದು ಅಷ್ಟು ದೊಡ್ಡ ಸಂಗತಿ ಅಲ್ಲ.

2012ರಲ್ಲಿ ಎರಡೂ ಕಂಪನಿಗಳು ಜಾಗ ಬದಲಿಸಿಕೊಂಡವು. ನಿಕಾನ್ ಡಿ800 36 ಮೆಗಾಪಿಕ್ಸೆಲ್‌ಗೆ ಜಿಗಿದರೆ, ಕ್ಯಾನನ್ 5ಡಿ ಮಾರ್ಕ್ 3 22ಕ್ಕೇ ನಿಂತು ಫೋಕಸ್ ಬಿಂದುಗಳನ್ನು 61ಕ್ಕೆ ಏರಿಸಿತು. ನಾಲ್ಕು ವರ್ಷ ಮೆಗಾಪಿಕ್ಸೆಲ್ ಹೆಸರಿನಲ್ಲಿ ಒಂದು ಕಂಪನಿಯ ಪರ ವಾದಿಸಿದವರು ಅದೇ ವಾದ ಹಿಡಿದುಕೊಂಡು ಎದುರು ಪಾಳೆಯಕ್ಕೆ ಹೋಗಬೇಕಿತ್ತು. ಆದರೆ ಹೋದವರು ಕಡಿಮೆ, ಏಕೆಂದರೆ ಮನೆಯ ಕಪಾಟಿನಲ್ಲಿ ಲೆನ್ಸ್‌ಗಳಿದ್ದವು. ಹೊಸ ಬಾಡಿಯನ್ನಾದರೆ ಒಂದು ಹಂಗಾಮಿನ ದುಡಿಮೆಯಲ್ಲಿ ಕೊಳ್ಳಬಹುದು. 24-70, 70-200 ಎಂಎಂ ಲೆನ್ಸ್ ಎರಡನ್ನೂ ಮಾರಿ ಮತ್ತೆ ಕೊಳ್ಳುವುದು ಸಣ್ಣ ಊರಿನ ಸ್ಟುಡಿಯೊಗೆ ಆಗದ ಮಾತು.

2013ರಲ್ಲಿ ಸೋನಿ ಕನ್ನಡಿಯಿಲ್ಲದ ಫುಲ್‌ಫ್ರೇಮ್ ಕ್ಯಾಮೆರಾ ತಂದ ಮೇಲೆ ಗಾಳಿ ತಿರುಗಿತು. 2018ರಲ್ಲಿ ಕ್ಯಾನನ್ ಆರ್‌ಎಫ್ ಮೌಂಟ್, ನಿಕಾನ್ ಝಡ್ ಮೌಂಟ್ ತಂದವು. ಹಳೆಯ ಲೆನ್ಸ್‌ಗಳಿಗೆ ಇಬ್ಬರೂ ಹೊಸ ಬಳೆಗೆ ಕೂರಿಸುವ ಅಡಾಪ್ಟರ್ ಕೊಟ್ಟರು. ಇಎಫ್ ಲೆನ್ಸ್‌ಗಳು ಮೊದಲಿಂದಲೂ ವಿದ್ಯುತ್ ಸಂಪರ್ಕದಿಂದಲೇ ನಡೆಯುವಂಥವು, ಅಡಾಪ್ಟರ್ ಹಾಕಿದರೂ ಆಟೊಫೋಕಸ್ ಎಂದಿನಂತೆ ನಡೆಯಿತು. ಒಳಗೆ ಮೋಟಾರಿಲ್ಲದ ಹಳೆಯ ನಿಕಾನ್ ಲೆನ್ಸ್‌ಗಳಿಗೆ ನಿಕಾನ್‌ನ ಅಡಾಪ್ಟರ್‌ನಲ್ಲಿ ಆ ಭಾಗ್ಯವಿಲ್ಲ. 1987ರ ಪೆಟ್ಟು ತಿಂದವರ ಮುಂದಿನ ತಲೆಮಾರಿಗೆ ದಾರಿ ಸುಗಮವಾಯಿತು. ಆಗ ಪೆಟ್ಟು ತಿನ್ನದೆ ನಿಕಾನ್ ಜೊತೆ ಉಳಿದುಕೊಂಡವರ ಹಳೆಯ ಲೆನ್ಸ್‌ಗಳಿಗೆ ಸರದಿ ಈಗ ಬಂತು. 2020ರ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3, ನಿಕಾನ್ ಡಿ6 ಆದ ಮೇಲೆ ಆ ದರ್ಜೆಯ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ.

ಹಾಗಾಗಿ ಪೇಟೆಗೆ ಈಗ ಬರುತ್ತಿರುವುದು ಕೈ ಬದಲಿಸಿದ ಮಾಲು. ಮಳೆ ಹೆಚ್ಚಿರುವ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದ ಲೆನ್ಸ್ ಆದರೆ ನಾನು ಮೊದಲು ಒಳಗಿನ ಗಾಜನ್ನು ನೋಡಿ, ಕಂಪನಿಯ ಹೆಸರನ್ನು ಆಮೇಲೆ ನೋಡುತ್ತೇನೆ. ಮಳೆಗಾಲದ ಮೂರು ತಿಂಗಳು ಚರ್ಮದ ಚೀಲದಲ್ಲಿ ಬಿಟ್ಟಿದ್ದ ನನ್ನ ಒಂದು ಲೆನ್ಸ್ ತೇವಕ್ಕೆ ಸಿಕ್ಕಿ ಹಾಳಾಯಿತು. ಮುಂದಿನ ಗಾಜಿಗೆ ಟಾರ್ಚನ್ನು ಓರೆಯಾಗಿ ಹಿಡಿದಾಗ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡವು. ಅದು ಫಂಗಸ್. ಒರೆಸಿದರೆ ಹೋಗುವಂತಿರಲಿಲ್ಲ, ಗಾಜಿನ ಲೇಪವನ್ನೇ ತಿಂದಿತ್ತು. ಈಗ ಲೆನ್ಸ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಅದರ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದ ದಿನ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ ಮತ್ತೆ ಒಳಗಿಡುತ್ತೇನೆ. ಆಷಾಢದಲ್ಲಿ ವಾರಕ್ಕೊಮ್ಮೆ ಈ ಕೆಲಸ ಬೀಳುತ್ತದೆ.