ಟ್ರೈಲರ್ ಮೂತಿ ಹೊರುವ ಜಾಕ್

ಮುಂಗಾರಿನ ಹೊತ್ತಿಗೆ ಹಾಸನದ ಸುತ್ತಮುತ್ತ ಬಿತ್ತನೆ ಆಲೂಗಡ್ಡೆ ತುಂಬಿದ ಟ್ರ್ಯಾಕ್ಟರ್‌ಗಳ ಓಡಾಟ ಜಾಸ್ತಿ. ಎಷ್ಟೋ ಸಲ ಲೋಡ್ ಇಳಿಸದೆ ಟ್ರೈಲರ್ ಮಾತ್ರ ಬಿಟ್ಟು ಟ್ರ್ಯಾಕ್ಟರನ್ನು ಉಳುಮೆಗೆ ಒಯ್ಯುತ್ತಾರೆ. ಆಗ ಎರಡು ಚಕ್ರದ ಟ್ರೈಲರ್‌ನ ಮೂತಿಯನ್ನು ಹೊರುವುದು ಒಂದೇ ಒಂದು ಜಾಕ್.

ಇಡೀ ಲೋಡ್ ಜಾಕ್ ಮೇಲೆ ಬೀಳುವುದಿಲ್ಲ, ಹೆಚ್ಚಿನದನ್ನು ಅಚ್ಚು ಹೊರುತ್ತದೆ. ಮೂಟೆಗಳನ್ನು ಮುಂದಕ್ಕೆ ಪೇರಿಸಿದಷ್ಟೂ ಜಾಕ್‌ಗೆ ಭಾರ. ತೀರಾ ಹಿಂದಕ್ಕೆ ಪೇರಿಸಿದರೆ, ಟ್ರ್ಯಾಕ್ಟರ್‌ಗೆ ಟ್ರೈಲರ್ ಸೇರಿಸುವ ಪಿನ್ ತೆಗೆದ ಕೂಡಲೇ ಮೂತಿ ಮೇಲೆದ್ದುಬಿಡುತ್ತದೆ.

ಸ್ಕ್ರೂ ಜಾಕ್ ನೋಡಿ. ಹಿಡಿ 30 ಸೆಂ.ಮೀ. ಉದ್ದ, ಒಂದು ಸುತ್ತಿಗೆ ತಿರುಪು 6 ಮಿ.ಮೀ. ಏರುತ್ತದೆ ಅಂದುಕೊಳ್ಳಿ. ಕೈ ಸುಮಾರು 188 ಸೆಂ.ಮೀ. ಸುತ್ತಿ ಬಂದಾಗ ಭಾರ ಏರುವುದು ಆ 6 ಮಿ.ಮೀ. ಅಷ್ಟೇ. ಲೆಕ್ಕಕ್ಕೆ ಬಲ 300 ಪಟ್ಟು ಮೀರಬೇಕು. ಆದರೆ ಅರ್ಧಕ್ಕಿಂತ ಜಾಸ್ತಿ ಘರ್ಷಣೆಯ ಪಾಲು. ಅದನ್ನು ನಷ್ಟ ಅನ್ನಲಾಗದು. ಹಿಡಿ ಬಿಟ್ಟರೂ ತಿರುಪು ಹಿಂದಕ್ಕೆ ಸುತ್ತದೆ ನಿಲ್ಲುವುದು ಆ ಘರ್ಷಣೆಯಿಂದಲೇ.

ಹೈಡ್ರಾಲಿಕ್ ಜಾಕ್‌ನಲ್ಲಿ ಕೆಲಸ ಎಣ್ಣೆಯದು. ಮುಚ್ಚಿದ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ಇದು ಪಾಸ್ಕಲ್ ನಿಯಮ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದದ್ದು ಇದರ ಮೇಲೆಯೇ. ಚಿಕ್ಕ ಪಿಸ್ಟನ್ 1 ಸೆಂ.ಮೀ. ಅಗಲ, ದೊಡ್ಡದು 4 ಸೆಂ.ಮೀ. ಇದ್ದರೆ ಬಲ 16 ಪಟ್ಟಾಗುತ್ತದೆ. ಹ್ಯಾಂಡಲ್‌ನ ಸನ್ನೆ ಬಲ ಬೇರೆ. ಎತ್ತುವುದು ಬಲು ಸುಲಭ. ಆದರೆ ಸೀಲ್ ಸವೆದು ಎಣ್ಣೆ ಜಾರತೊಡಗಿದರೆ ಮೂತಿ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಅದಕ್ಕೇ ನಾನು ಹೇಳುವುದು: ಎತ್ತಲು ಹೈಡ್ರಾಲಿಕ್ ಇರಲಿ, ದಿನಗಟ್ಟಲೆ ನಿಲ್ಲಿಸಲು ಸ್ಕ್ರೂ ಜಾಕೇ ಬೇಕು. ಯಾವ ಜಾಕ್ ಆದರೂ, ಗಟ್ಟಿ ಮರದ ದಿಮ್ಮಿ ಕೊಡದೆ ಟ್ರೈಲರ್ ಕೆಳಗೆ ನುಸುಳಬೇಡಿ.

ಚಿಕ್ಕಮಗಳೂರಿನ ತೋಟದ ದಾರಿಗಳಿಗೆ ಮಡಚುವ ಕಾಲಿನ ಜಾಕ್ ಒಳ್ಳೆಯದು, ಕಲ್ಲು ದಿಣ್ಣೆಗೆ ತಾಗುವುದಿಲ್ಲ. ಕೆಳಗೆ ಚಕ್ರವಿರುವ ಜಾಕ್ ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕೆ ಸರಿ, ಕೆಸರಿಗಲ್ಲ.

ಕೆಸರಿನ ಲೆಕ್ಕವೇ ಬೇರೆ, ಅಲ್ವಾ? 5 ಸೆಂ.ಮೀ. ಅಗಲದ ದುಂಡು ಪಾದದ ಮೇಲೆ 500 ಕೆ.ಜಿ. ಕೂತರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 25 ಕೆ.ಜಿ. ಒತ್ತಡ. ಮಳೆ ಕುಡಿದ ಮಣ್ಣು ಅದನ್ನು ತಡೆಯದು. ಅಡಿಗೆ 30 ಸೆಂ.ಮೀ. ಚೌಕದ ದಪ್ಪ ಹಲಗೆ ಕೊಟ್ಟರೆ ಅದು ಅರ್ಧ ಕೆ.ಜಿ.ಯ ಆಸುಪಾಸಿಗೆ ಇಳಿಯುತ್ತದೆ. ಇಳಿಜಾರಾದರೆ ಪಿನ್ ತೆಗೆಯುವ ಮೊದಲು ಎರಡೂ ಚಕ್ರಕ್ಕೆ ಕಲ್ಲು ಕೊಡಿ. ನೇರವಾಗಿ ಭಾರ ಹೊರುವ ಜಾಕ್, ಟ್ರೈಲರ್ ಒಂಚೂರು ಉರುಳಿದರೂ ಕಾಲು ಬಾಗಿ ಮಗುಚುತ್ತದೆ.